ಲೆಕ್ಕವನ್ನು ಮರಳಿ ಮಾಡುವವರು: ಪುಣೆಯ ‘ಪ್ರಯಾಸ್’ ಮತ್ತು ವಿದ್ಯುತ್ ನಿಯಂತ್ರಣ

ವಿದ್ಯುತ್ ವಿತರಣೆ ಎಂಬ ಉದ್ಯಮದಲ್ಲಿ ಪೈಪೋಟಿಗೆ ಇರುವ ಅವಕಾಶ ತೀರ ಕಡಿಮೆ. ಒಂದೇ ಬೀದಿಯಲ್ಲಿ ಎರಡು ಮೂರು ಸಂಸ್ಥೆಗಳು ತಮ್ಮ ತಮ್ಮ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್‌ಗಳನ್ನು ನಿಲ್ಲಿಸುವುದು ದುಂದುವೆಚ್ಚವಾದ್ದರಿಂದ ಬಹುತೇಕ ಎಲ್ಲ ದೇಶಗಳಲ್ಲಿಯೂ ಒಂದು ಪ್ರದೇಶದ ವಿತರಣೆ ಒಂದೇ ಸಂಸ್ಥೆಯ ಕೈಯಲ್ಲಿ ಉಳಿದುಬಂದಿದೆ. ಹೀಗೆ ಉದ್ಯಮದ ಸ್ವಭಾವದಿಂದಲೇ ಹುಟ್ಟುವ ಏಕಸ್ವಾಮ್ಯವನ್ನು ಅರ್ಥಶಾಸ್ತ್ರಜ್ಞರು ಸಹಜ ಏಕಸ್ವಾಮ್ಯ ಎಂದು ಗುರುತಿಸುತ್ತಾರೆ. ತರಕಾರಿಯ ಬೆಲೆ ಒಪ್ಪಿಗೆಯಾಗದ ಗಿರಾಕಿ ಪಕ್ಕದ ಅಂಗಡಿಗೆ ಹೋಗಬಹುದು. ವಿದ್ಯುತ್ ಬಿಲ್ಲಿನ ಮೊತ್ತ ಒಪ್ಪಿಗೆಯಾಗದ ಗ್ರಾಹಕನಿಗೆ ಹೋಗಲು ಪಕ್ಕದ ಅಂಗಡಿಯೇ ಇಲ್ಲ. ಆದ್ದರಿಂದ ಮಾರುವವನೂ ಅಲ್ಲದ, ಕೊಳ್ಳುವವನೂ ಅಲ್ಲದ ಮೂರನೆಯವರೊಬ್ಬರು ಬೆಲೆಯನ್ನು ಗೊತ್ತುಮಾಡಬೇಕಾಗುತ್ತದೆ. ಭಾರತದಲ್ಲಿ ದೀರ್ಘಕಾಲ ಈ ಕೆಲಸವನ್ನು ರಾಜ್ಯ ಸರ್ಕಾರಗಳೂ ಅವುಗಳ ಅಧೀನದ ವಿದ್ಯುತ್ ಮಂಡಳಿಗಳೂ ಮುಚ್ಚಿದ ಬಾಗಿಲ ಹಿಂದೆ ಮಾಡುತ್ತಿದ್ದವು. 1996ರಲ್ಲಿ ಒಡಿಶಾದಲ್ಲಿ ಮೊದಲ ನಿಯಂತ್ರಣ ಆಯೋಗ ರಚನೆಯಾದ ಮೇಲೆ, 1998ರ ಕೇಂದ್ರ ಕಾಯಿದೆ ಮತ್ತು 2003ರ ವಿದ್ಯುಚ್ಛಕ್ತಿ ಕಾಯಿದೆಗಳ ಮೂಲಕ ಈ ಅಧಿಕಾರ ದೇಶದಾದ್ಯಂತ ಆಯೋಗಗಳಿಗೆ ವರ್ಗವಾಯಿತು. ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲಿಯೂ ಆಯೋಗಗಳು ಹುಟ್ಟಿದ್ದು 1999ರಲ್ಲಿ.

ಆಯೋಗವೆಂದರೆ ಅರ್ಧ ನ್ಯಾಯಾಲಯ, ಅರ್ಧ ಆಡಳಿತ ಕಚೇರಿ. ವಿತರಣಾ ಕಂಪನಿಯು ಮುಂದಿನ ವರ್ಷಕ್ಕೆ ತನಗೆ ಬೇಕಾಗುವ ಒಟ್ಟು ವರಮಾನದ ಅಂದಾಜನ್ನು ಅದರ ಮುಂದೆ ಇಡುತ್ತದೆ, ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸುತ್ತಾರೆ, ವಿಚಾರಣೆ ನಡೆಯುತ್ತದೆ, ಕಾರಣಗಳನ್ನು ಬರೆದು ಆದೇಶ ಹೊರಡುತ್ತದೆ. ಕಾಗದದ ಮೇಲೆ ಈ ಏರ್ಪಾಡು ನಿರ್ದುಷ್ಟವಾಗಿದೆ. ಆದರೆ ವಿಚಾರಣೆಯ ಒಂದು ಬದಿಯಲ್ಲಿ ಎಂಜಿನಿಯರ್‌ಗಳು, ಲೆಕ್ಕಪರಿಶೋಧಕರು, ವಕೀಲರು ನೂರಾರು ಪುಟಗಳ ಕೋಷ್ಟಕಗಳೊಡನೆ ಕುಳಿತಿದ್ದು, ಇನ್ನೊಂದು ಬದಿಯಲ್ಲಿ ತನ್ನ ಮನೆಯ ಬಿಲ್ಲನ್ನು ಹಿಡಿದ ಗ್ರಾಹಕ ಒಂಟಿಯಾಗಿ ನಿಂತಿದ್ದರೆ ಅದನ್ನು ವಿಚಾರಣೆ ಎನ್ನುವುದು ಕಷ್ಟ. ಕಂಪನಿ ಮಾಡಿದ ಲೆಕ್ಕವನ್ನು ಕಂಪನಿಯ ಹಂಗಿಲ್ಲದ ಇನ್ನೊಬ್ಬರು ಮರಳಿ ಮಾಡಬಲ್ಲವರಾಗಿರಬೇಕು. ಅಂಥವರಿಲ್ಲದ ಕಡೆ ನಿಯಂತ್ರಣವು ಕಂಪನಿಯ ಅಂಕಿಗಳಿಗೆ ಮೊಹರು ಒತ್ತುವ ಕೆಲಸವಾಗಿ ಉಳಿಯುತ್ತದೆ. ಆ ಇನ್ನೊಬ್ಬರ ಪಾತ್ರವನ್ನು ಭಾರತದಲ್ಲಿ ಎಲ್ಲರಿಗಿಂತ ಮೊದಲು ಮತ್ತು ಎಲ್ಲರಿಗಿಂತ ಹೆಚ್ಚು ಕಾಲ ನಿರ್ವಹಿಸಿದವರಲ್ಲಿ ಪುಣೆಯ ‘ಪ್ರಯಾಸ್’ ಸಂಸ್ಥೆಯ ಇಂಧನ ವಿಭಾಗದವರು ಪ್ರಮುಖರು. ಅವರ ಕೆಲಸದ ಪರಿಶೀಲನೆಯೇ ಈ ಉಪನ್ಯಾಸದ ವಿಷಯ.

ಇಂಥ ಸಂಸ್ಥೆ ಪುಣೆಯಲ್ಲಿ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಆಳುವವರ ಲೆಕ್ಕವನ್ನು ಪ್ರಜೆಗಳು ಪರೀಕ್ಷಿಸುವ ಪರಿಪಾಠ ಆ ಊರಿಗೆ ಹಳೆಯದು. 1870ರಲ್ಲಿ ಸ್ಥಾಪನೆಯಾದ ಪುಣೆ ಸಾರ್ವಜನಿಕ ಸಭೆಯು ಮಹಾದೇವ ಗೋವಿಂದ ರಾನಡೆಯವರ ಮಾರ್ಗದರ್ಶನದಲ್ಲಿ ರೈತರ ಕಂದಾಯದ ಹೊರೆಯ ಕುರಿತು ಮಾಹಿತಿ ಕಲೆಹಾಕಿ, ತನ್ನ ತ್ರೈಮಾಸಿಕದಲ್ಲಿ ಪ್ರಕಟಿಸಿ, ಸರ್ಕಾರಕ್ಕೆ ಮನವಿ ಸಲ್ಲಿಸುತ್ತಿತ್ತು. 1897ರಲ್ಲಿ ಗೋಪಾಲ ಕೃಷ್ಣ ಗೋಖಲೆಯವರು ಲಂಡನ್ನಿನಲ್ಲಿ ವೆಲ್ಬಿ ಆಯೋಗದ ಮುಂದೆ ಭಾರತದ ಹಣಕಾಸಿನ ಬಗೆಗೆ ಸಾಕ್ಷ್ಯ ನುಡಿದು ಪಾಟೀಸವಾಲಿಗೆ ಒಳಗಾದರು. 1902ರಲ್ಲಿ ಶಾಸನಸಭೆಯಲ್ಲಿ ಮಾಡಿದ ಮೊದಲ ಮುಂಗಡಪತ್ರದ ಭಾಷಣದಲ್ಲಿ ಸರ್ಕಾರದ ಅಂಕಿಗಳನ್ನೇ ಸರ್ಕಾರಕ್ಕೆ ಎದುರಾಗಿ ನಿಲ್ಲಿಸಿದರು. ಅವರು 1905ರಲ್ಲಿ ಕಟ್ಟಿದ ಭಾರತ ಸೇವಕ ಸಮಾಜಕ್ಕೆ ಸಾತಾರಾದ ರಾವ್ ಬಹಾದ್ದೂರ್ ಆರ್. ಆರ್. ಕಾಳೆಯವರು ನೀಡಿದ ದತ್ತಿಯಿಂದ 1930ರಲ್ಲಿ ಗೋಖಲೆ ರಾಜಕೀಯ ಮತ್ತು ಅರ್ಥಶಾಸ್ತ್ರ ಸಂಸ್ಥೆ ಸ್ಥಾಪನೆಯಾಯಿತು. ಅದರ ಮೊದಲ ನಿರ್ದೇಶಕರಾದ ಧನಂಜಯರಾವ್ ಗಾಡ್ಗೀಳರು 1966ರವರೆಗೆ ಆ ಸ್ಥಾನದಲ್ಲಿದ್ದು, ಯುದ್ಧಕಾಲದ ಆಹಾರಧಾನ್ಯ ನೀತಿಯ ಸಮಿತಿಯಲ್ಲಿಯೂ 1947ರ ಸರಕು ಬೆಲೆಗಳ ಮಂಡಳಿಯಲ್ಲಿಯೂ ಬೆಲೆ ನಿಯಂತ್ರಣದ ಪ್ರಶ್ನೆಗಳನ್ನು ನೇರವಾಗಿ ನಿಭಾಯಿಸಿದವರು. ದತ್ತಿ ಉಪನ್ಯಾಸವೊಂದರಲ್ಲಿ ಇದನ್ನೂ ನೆನೆಯಬಹುದು: ಕಾಳೆಯವರ ಹೆಸರಿನ ಉಪನ್ಯಾಸಮಾಲೆಯಲ್ಲಿಯೇ 1939ರ ಜನವರಿಯಲ್ಲಿ ಡಾ. ಬಿ. ಆರ್. ಅಂಬೇಡ್ಕರರು ಸಂಯುಕ್ತ ರಾಜ್ಯ ವ್ಯವಸ್ಥೆಯ ಯೋಜನೆಯನ್ನು ಕೂಲಂಕಷವಾಗಿ ವಿಮರ್ಶಿಸಿದ್ದರು. ಕನ್ನಡಿಗರ ಪಾಲಿಗೆ ಈ ಪರಂಪರೆ ಪರಕೀಯವಲ್ಲ; ಡಿ. ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಅದೇ ಹೆಸರನ್ನು ಹೊತ್ತಿದೆ.

ಆದರೂ ಪ್ರಯಾಸ್ ಸಂಸ್ಥೆಯನ್ನು ಈ ವಂಶವೃಕ್ಷದ ನೇರ ಕೊಂಬೆಯೆಂದು ಭಾವಿಸುವುದು ಸರಿಯಲ್ಲ. ಅದನ್ನು ಕಟ್ಟಿದವರು ಅರ್ಥಶಾಸ್ತ್ರದ ಪೀಠಗಳಿಂದ ಬಂದವರಾಗಿರಲಿಲ್ಲ. 1994ರಲ್ಲಿ ಸಾರ್ವಜನಿಕ ದತ್ತಿಯಾಗಿ ನೋಂದಣಿಯಾದ ಈ ಸಂಸ್ಥೆಯ ಸ್ಥಾಪಕರಲ್ಲಿ ಡಾ. ವಿನಯ್ ಕುಲಕರ್ಣಿ ಮತ್ತು ಡಾ. ಸಂಜೀವನಿ ಕುಲಕರ್ಣಿ ವೈದ್ಯರು; ಎಚ್‌ಐವಿ ಸೋಂಕಿತರ ಚಿಕಿತ್ಸೆ ಮತ್ತು ಸಮಾಲೋಚನೆ ಅವರ ವಿಭಾಗದ ಕೆಲಸವಾಯಿತು. ಗಿರೀಶ್ ಸಂತ್, ಶಂತನು ದೀಕ್ಷಿತ್ ಮತ್ತು ಸುಬೋಧ್ ವಾಗಳೆ ಇಂಧನದ ಪ್ರಶ್ನೆಗಳನ್ನು ಕೈಗೆತ್ತಿಕೊಂಡರು. ವಾಗಳೆಯವರು ಮುಂದೆ ನೀರು ಮತ್ತು ಜೀವನೋಪಾಯಗಳ ವಿಭಾಗವನ್ನು ಬೆಳೆಸಿದರು. ಎಚ್‌ಐವಿಯ ಚಿಕಿತ್ಸಾಲಯವೂ ವಿದ್ಯುತ್ ದರದ ಅಧ್ಯಯನವೂ ಒಂದೇ ದತ್ತಿಯ ನೆರಳಿನಲ್ಲಿರುವುದು ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ವೃತ್ತಿಪರ ಜ್ಞಾನವನ್ನು ಅದನ್ನು ಕೊಳ್ಳಲಾರದವರ ಪರವಾಗಿ ಬಳಸಬೇಕೆಂಬ ನಿಲುವು ಇವೆರಡಕ್ಕೂ ಸಮಾನವಾಗಿತ್ತು. ಮುಂಬಯಿಯ ಐಐಟಿಯಲ್ಲಿ ಇಂಧನ ವ್ಯವಸ್ಥೆಗಳ ವ್ಯಾಸಂಗ ಮಾಡಿದ್ದ ಗಿರೀಶ್ ಸಂತ್ ಇಂಧನ ವಿಭಾಗದ ಸಂಚಾಲಕರಾದರು.

ಅವರ ಮೊದಲ ದೊಡ್ಡ ಪರೀಕ್ಷೆ ಎನ್ರಾನ್ ಒಪ್ಪಂದ. ರತ್ನಾಗಿರಿ ಜಿಲ್ಲೆಯ ದಾಭೋಳದ ಬಳಿ ಅಮೆರಿಕದ ಎನ್ರಾನ್ ಕಂಪನಿ, ಜನರಲ್ ಎಲೆಕ್ಟ್ರಿಕ್ ಮತ್ತು ಬೆಕ್ಟೆಲ್ ಕಂಪನಿಗಳ ಜೊತೆಗೂಡಿ, ಎರಡು ಹಂತಗಳಲ್ಲಿ ಒಟ್ಟು 2,015 ಮೆಗಾವಾಟ್ ಸಾಮರ್ಥ್ಯದ ಸ್ಥಾವರ ಕಟ್ಟಲು 1993ರ ಡಿಸೆಂಬರಿನಲ್ಲಿ ಮಹಾರಾಷ್ಟ್ರ ರಾಜ್ಯ ವಿದ್ಯುತ್ ಮಂಡಳಿಯೊಡನೆ ವಿದ್ಯುತ್ ಖರೀದಿ ಒಪ್ಪಂದ ಮಾಡಿಕೊಂಡಿತು. ಟೆಂಡರು ಕರೆಯದೆ ಕುದುರಿದ ಈ ಯೋಜನೆಗೆ ಸಾಲ ಕೊಡಲು ವಿಶ್ವಬ್ಯಾಂಕ್ ಆ ವರ್ಷವೇ ನಿರಾಕರಿಸಿತ್ತು. ವಿರೋಧಿಗಳ ಬಳಿ ಆರೋಪಗಳಿಗೆ ಕೊರತೆಯಿರಲಿಲ್ಲ. ಆದರೆ ಒಪ್ಪಂದದ ಪ್ರಕಾರ ಒಂದೊಂದು ವರ್ಷ ಎಷ್ಟು ಹಣ ಯಾರಿಗೆ ಸಂದಾಯವಾಗಬೇಕಾಗುತ್ತದೆ ಎಂಬುದನ್ನು ಕೂಡಿ ಕಳೆದು ತೋರಿಸಿದವರು ವಿರಳ. ಸಂತ್, ದೀಕ್ಷಿತ್ ಮತ್ತು ವಾಗಳೆ 1995ರಲ್ಲಿ ಮಾಡಿದ್ದು ಇದನ್ನೇ. ಒಪ್ಪಂದದ ಷರತ್ತುಗಳನ್ನು ಒಂದೊಂದಾಗಿ ಬಿಡಿಸಿ, ಸಾಲದ ಬಡ್ಡಿ, ಬಂಡವಾಳದ ಮೇಲಿನ ಆದಾಯ, ಇಂಧನದ ಬೆಲೆ, ಡಾಲರಿನ ವಿನಿಮಯ ದರ ಇವೆಲ್ಲವನ್ನೂ ಕಂಪ್ಯೂಟರಿನ ಕೋಷ್ಟಕಕ್ಕೆ ಇಳಿಸಿ, ಮಂಡಳಿಯ ಮೇಲೆ ಬೀಳುವ ಹೊರೆಯನ್ನು ಲೆಕ್ಕ ಹಾಕಿದರು.

ಈ ಲೆಕ್ಕದ ತಿರುಳನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ಕರ್ನಾಟಕವೂ ಸೇರಿದಂತೆ ಎಲ್ಲ ರಾಜ್ಯಗಳ ವಿದ್ಯುತ್ ಬಿಲ್ಲುಗಳಲ್ಲಿ ಅದು ಇಂದಿಗೂ ಜೀವಂತವಾಗಿದೆ. ಖರೀದಿ ಒಪ್ಪಂದದಲ್ಲಿ ಬೆಲೆಗೆ ಎರಡು ಭಾಗಗಳಿರುತ್ತವೆ. ಸ್ಥಾವರ ಕಟ್ಟಿದ ಸಾಲ, ಬಡ್ಡಿ, ಲಾಭ, ಸಿಬ್ಬಂದಿಯ ಸಂಬಳ ಇವು ಸ್ಥಿರ ವೆಚ್ಚ. ಒಂದು ಯೂನಿಟ್ಟೂ ಉತ್ಪಾದನೆಯಾಗದಿದ್ದರೂ ಇದನ್ನು ಕೊಡಲೇಬೇಕು. ಸುಡುವ ಇಂಧನದ ಖರ್ಚು ಬದಲಾಗುವ ವೆಚ್ಚ. ಉತ್ಪಾದನೆಯಾದಷ್ಟಕ್ಕೆ ಮಾತ್ರ ಇದು ತಗಲುತ್ತದೆ. ಸ್ಥಾವರವು ವರ್ಷದ ಶೇಕಡಾ 90ರಷ್ಟು ಹೊತ್ತು ಓಡಿದಾಗ ಸ್ಥಿರ ವೆಚ್ಚ ಯೂನಿಟ್ಟಿಗೆ ಒಂದು ರೂಪಾಯಿ ಬೀಳುತ್ತದೆ ಎಂದು ಇಟ್ಟುಕೊಂಡರೆ, ಅದೇ ಸ್ಥಾವರ ಶೇಕಡಾ 30ರಷ್ಟು ಹೊತ್ತು ಮಾತ್ರ ಓಡಿದಾಗ ಅದು ಮೂರು ರೂಪಾಯಿಯಾಗುತ್ತದೆ. ಸ್ಥಾವರದ ಮಾಲೀಕನಿಗೆ ಸಲ್ಲುವ ಮೊತ್ತ ಎರಡು ಸಂದರ್ಭದಲ್ಲಿಯೂ ಒಂದೇ. ದಾಭೋಳದ ವಿದ್ಯುತ್ ಯೂನಿಟ್ಟಿಗೆ 2 ರೂಪಾಯಿ 40 ಪೈಸೆ ಎಂದು ಮೊದಲೂ, 1995ರಲ್ಲಿ ಒಪ್ಪಂದ ರದ್ದಾಗಿ 1996ರಲ್ಲಿ ಮರುಮಾತುಕತೆ ಮುಗಿದ ಮೇಲೆ 1 ರೂಪಾಯಿ 86 ಪೈಸೆ ಎಂದೂ ಸರ್ಕಾರ ಸಾರಿದಾಗ, ಆ ಅಂಕಿಗಳ ಒಳಗೆ ಸ್ಥಾವರ ಸದಾ ಪೂರ್ಣವಾಗಿ ಓಡುತ್ತದೆ, ರೂಪಾಯಿಯ ಬೆಲೆ ಕುಸಿಯುವುದಿಲ್ಲ, ಇಂಧನ ದುಬಾರಿಯಾಗುವುದಿಲ್ಲ ಎಂಬಂಥ ಊಹೆಗಳು ಅಡಗಿದ್ದವು. 740 ಮೆಗಾವಾಟಿನ ಮೊದಲ ಹಂತ 1999ರ ಮೇ ತಿಂಗಳಲ್ಲಿ ಉತ್ಪಾದನೆ ಆರಂಭಿಸಿದ ಬಳಿಕ ಆ ಊಹೆಗಳು ಒಂದೊಂದಾಗಿ ಮುರಿದುಬಿದ್ದವು. 2000ದ ಮಧ್ಯಭಾಗದಲ್ಲಿ ಬೆಲೆ ಯೂನಿಟ್ಟಿಗೆ ಏಳು ರೂಪಾಯಿ ದಾಟಿತು. 2001ರ ಮೇ ತಿಂಗಳಲ್ಲಿ ಮಂಡಳಿ ಖರೀದಿಯನ್ನೇ ನಿಲ್ಲಿಸಿತು. ಅದೇ ವರ್ಷ ಮಾಧವ ಗೋಡಬೋಲೆಯವರ ಅಧ್ಯಕ್ಷತೆಯ ಸಮಿತಿ ಒಪ್ಪಂದವನ್ನು ಕಟುವಾಗಿ ಟೀಕಿಸಿತು, ಡಿಸೆಂಬರಿನಲ್ಲಿ ಎನ್ರಾನ್ ತನ್ನ ನಾಡಿನಲ್ಲಿಯೇ ದಿವಾಳಿಯಾಯಿತು.

ಎನ್ರಾನ್ ಪ್ರಕರಣದಲ್ಲಿ ಬೀದಿಗಿಳಿದವರು, ಜೈಲಿಗೆ ಹೋದವರು, ನ್ಯಾಯಾಲಯದ ಮೆಟ್ಟಿಲೇರಿದವರು ಅನೇಕರು. ಪ್ರಯಾಸ್‌ನ ಪಾತ್ರವನ್ನು ಹಿಗ್ಗಿಸಿ ಅವರ ಪಾತ್ರವನ್ನು ಕುಗ್ಗಿಸುವುದು ಅನ್ಯಾಯ. ಪುಣೆಯ ಈ ಮೂವರು ಸೇರಿಸಿದ್ದು ಚಳವಳಿಗೆ ಇಲ್ಲದಿದ್ದ ಒಂದು ಸಾಮರ್ಥ್ಯವನ್ನು. ಕಂಪನಿಯವರು ಇವರ ತೀರ್ಮಾನವನ್ನು ಅಲ್ಲಗಳೆಯಬೇಕಾದರೆ ಕೋಷ್ಟಕದ ಯಾವ ಸಾಲಿನಲ್ಲಿ ತಪ್ಪಿದೆ ಎಂದು ತೋರಿಸಬೇಕಾಗಿತ್ತು. ಇಂಥ ವಿರೋಧ ಮಹಾರಾಷ್ಟ್ರಕ್ಕೆ ಸೀಮಿತವಾಗಿರಲಿಲ್ಲ; ಕರಾವಳಿ ಕರ್ನಾಟಕದ ನಂದಿಕೂರಿನಲ್ಲಿ ಬರಬೇಕಾಗಿದ್ದ ಕೊಜೆಂಟ್ರಿಕ್ಸ್ ಸ್ಥಾವರದ ವಿರುದ್ಧವೂ ಆ ವರ್ಷಗಳಲ್ಲಿ ದೊಡ್ಡ ಹೋರಾಟ ನಡೆದು, 1999ರ ಡಿಸೆಂಬರಿನಲ್ಲಿ ಆ ಕಂಪನಿ ಹಿಂದೆ ಸರಿಯಿತು.

ಕರ್ನಾಟಕದ ಋಣವೊಂದನ್ನು ಇಲ್ಲಿ ಹೇಳಲೇಬೇಕು. ವಿದ್ಯುತ್ ಯೋಜನೆಯೆಂದರೆ ಇನ್ನಷ್ಟು ಸ್ಥಾವರಗಳ ಪಟ್ಟಿ ಎಂಬ ನಂಬಿಕೆಯನ್ನು ಭಾರತದಲ್ಲಿ ಮೊದಲು ಬುಡಸಮೇತ ಅಲುಗಾಡಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಅಮೂಲ್ಯ ಕೆ. ಎನ್. ರೆಡ್ಡಿ. ಜನರಿಗೆ ಬೇಕಾಗಿರುವುದು ವಿದ್ಯುತ್ ಅಲ್ಲ, ಬೆಳಕು, ನೀರು, ಬಿಸಿ, ಚಲನೆ. ಆದ್ದರಿಂದ ಯೋಜನೆಯು ಕೊನೆಯ ಬಳಕೆಯಿಂದ ಆರಂಭವಾಗಿ ಹಿಂದಕ್ಕೆ ಬರಬೇಕು ಎಂಬುದು ಅವರ ವಾದ. 1991ರಲ್ಲಿ ರೆಡ್ಡಿ ಮತ್ತು ಅವರ ಸಹೋದ್ಯೋಗಿಗಳು ಕರ್ನಾಟಕಕ್ಕಾಗಿ ಪ್ರಕಟಿಸಿದ ಯೋಜನೆಯ ಪ್ರಕಾರ, ಸರ್ಕಾರಿ ಸಮಿತಿ 2000ದ ವರ್ಷಕ್ಕೆ ಬೇಕೆಂದಿದ್ದ ವಿದ್ಯುತ್ತಿನ ಅರ್ಧಕ್ಕಿಂತ ಕಡಿಮೆಯಲ್ಲಿ, ವೆಚ್ಚದ ಸುಮಾರು ಮೂರನೆಯ ಒಂದು ಪಾಲಿನಲ್ಲಿ ರಾಜ್ಯದ ಅಗತ್ಯಗಳನ್ನು ಪೂರೈಸುವುದು ಸಾಧ್ಯವಿತ್ತು. ಸಂತ್ ಮತ್ತು ದೀಕ್ಷಿತರು ಮಹಾರಾಷ್ಟ್ರಕ್ಕಾಗಿ ಸಿದ್ಧಪಡಿಸಿದ ಕನಿಷ್ಠ ವೆಚ್ಚದ ಯೋಜನೆ ಇದೇ ದಾರಿಯಲ್ಲಿ ನಡೆದದ್ದು. ಹೊಸ ಸ್ಥಾವರ, ಹಳೆಯ ತಂತಿಯ ದುರಸ್ತಿ, ಉತ್ತಮ ಪಂಪು, ಉತ್ತಮ ದೀಪ ಇವೆಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಒಂದು ಯೂನಿಟ್ಟನ್ನು ಒದಗಿಸಲು ಅಥವಾ ಉಳಿಸಲು ಯಾವುದು ಅಗ್ಗವೋ ಅದನ್ನು ಮೊದಲು ಆರಿಸುವುದು ಅದರ ವಿಧಾನ. ರೆಡ್ಡಿಯವರು ಬೆಂಗಳೂರಿನಿಂದ ಹೊರತರುತ್ತಿದ್ದ ಸುಸ್ಥಿರ ಇಂಧನ ಕುರಿತ ಪತ್ರಿಕೆಯಲ್ಲಿಯೇ ಸಂತ್ ಮತ್ತು ದೀಕ್ಷಿತರ ನೀರಾವರಿ ಪಂಪ್‌ಸೆಟ್‌ಗಳ ದಕ್ಷತೆಯ ಲೇಖನ 1996ರಲ್ಲಿ ಪ್ರಕಟವಾಯಿತು. ಫುಟ್‌ವಾಲ್ವಿನ ಮತ್ತು ಪೈಪಿನ ಘರ್ಷಣೆಯಲ್ಲಿ ಎಷ್ಟು ವಿದ್ಯುತ್ ಪೋಲಾಗುತ್ತದೆ ಎಂಬುದು ಬಾವಿಯ ದಂಡೆಯ ರೈತನಿಗೂ ರಾಜ್ಯದ ಬೊಕ್ಕಸಕ್ಕೂ ಒಂದೇ ಹೊತ್ತಿಗೆ ಸಂಬಂಧಪಟ್ಟ ಪ್ರಶ್ನೆ. ಇಂಥ ಪ್ರಶ್ನೆಗಳನ್ನು ಹುಡುಕುವ ಕಣ್ಣು ಈ ಗುಂಪಿಗಿತ್ತು.

ಪಂಪ್‌ಸೆಟ್ಟುಗಳ ಅಧ್ಯಯನವೇ ಮುಂದೆ ಅವರನ್ನು ನಿಯಂತ್ರಣದ ಕೇಂದ್ರ ಪ್ರಶ್ನೆಗೆ ತಂದು ಮುಟ್ಟಿಸಿತು. ಕೃಷಿ ಪಂಪುಗಳಲ್ಲಿ ಬಹುಪಾಲಿಗೆ ಮೀಟರಿಲ್ಲ. ಮಂಡಳಿಯು ನೂರು ಯೂನಿಟ್ ಖರೀದಿಸಿ, ಮೀಟರಿನ ಮೂಲಕ ಐವತ್ತೈದನ್ನು ಮಾರಿದೆ ಎಂದುಕೊಳ್ಳೋಣ. ಉಳಿದ ನಲವತ್ತೈದರಲ್ಲಿ ಪಂಪುಗಳಿಗೆ ಹೋದದ್ದು ಎಷ್ಟು, ತಂತಿಯಲ್ಲಿ ಸೋರಿದ್ದು ಎಷ್ಟು, ಕಳುವಾದದ್ದು ಎಷ್ಟು ಎಂಬುದನ್ನು ಯಾರೂ ಅಳೆದಿಲ್ಲ. ರೈತರು ಮೂವತ್ತು ಬಳಸಿದರು ಎಂದು ಮಂಡಳಿ ಬರೆದುಕೊಂಡರೆ ನಷ್ಟ ಬರೀ ಹದಿನೈದು. ಅವರು ಬಳಸಿದ್ದು ಹದಿನೈದು ಎಂದಾದರೆ ನಷ್ಟ ಮೂವತ್ತು. ಮೊದಲನೆಯ ಲೆಕ್ಕದಲ್ಲಿ ರೈತ ರಾಜ್ಯಕ್ಕೆ ಹೊರೆ, ಮಂಡಳಿ ದಕ್ಷ. ಎರಡನೆಯದರಲ್ಲಿ ಮಂಡಳಿಯ ಅದಕ್ಷತೆಯೂ ಕಳ್ಳತನವೂ ರೈತನ ಹೆಸರಿನಲ್ಲಿ ಜಮೆಯಾಗಿವೆ. ಮಹಾರಾಷ್ಟ್ರದ ಮಂಡಳಿ ವರ್ಷಗಟ್ಟಲೆ ತನ್ನ ಪ್ರಸರಣ ಮತ್ತು ವಿತರಣಾ ನಷ್ಟವನ್ನು ಶೇಕಡಾ 20ರ ಒಳಗೆ ತೋರಿಸುತ್ತ ಬಂದಿತ್ತು. ಆಯೋಗದ ಮೊದಲ ದರ ವಿಚಾರಣೆಯಲ್ಲಿ ಪ್ರಯಾಸ್ ಮತ್ತಿತರರು ಈ ಅಂಕಿಯ ಬೆನ್ನು ಹತ್ತಿ, ಮೀಟರಿರುವ ಪಂಪುಗಳ ಬಳಕೆ, ಓಡುವ ಗಂಟೆಗಳು, ಅಶ್ವಶಕ್ತಿ ಇವುಗಳ ದಾಖಲೆ ಕೇಳಿದಾಗ ಮಂಡಳಿ ತನ್ನ ಅಂದಾಜನ್ನು ತಿದ್ದಿಕೊಳ್ಳಬೇಕಾಯಿತು. ನಷ್ಟ ಶೇಕಡಾ 30ನ್ನು ದಾಟಿದೆ ಎಂಬುದು ಅಧಿಕೃತವಾಗಿ ಹೊರಬಿತ್ತು. 2000ದ ಮೇ ತಿಂಗಳಲ್ಲಿ ಹೊರಟ ಆ ಮೊದಲ ಆದೇಶದ ಬಳಿಕ ಇಂಥ ಅಂಕಿಗಳನ್ನು ಮುಚ್ಚಿಡುವುದು ಮೊದಲಿನಷ್ಟು ಸುಲಭವಾಗಿ ಉಳಿಯಲಿಲ್ಲ. ಎನ್ರಾನ್ ವಿರುದ್ಧದ ಕೆಲಸ ಹೆಚ್ಚು ಹೆಸರು ತಂದಿರಬಹುದು. ಈ ಕೆಲಸದ ತೂಕ ಅದಕ್ಕಿಂತ ಹೆಚ್ಚು.

ಗ್ರಾಹಕರ ಹಿತವನ್ನು ಪ್ರತಿನಿಧಿಸಲು ಆಯೋಗವು ಯಾರನ್ನಾದರೂ ಅಧಿಕೃತವಾಗಿ ನೇಮಿಸಬಹುದೆಂದು 1998ರ ಕಾಯಿದೆಯಲ್ಲಿಯೂ 2003ರ ಕಾಯಿದೆಯ 94ನೆಯ ಪ್ರಕರಣದಲ್ಲಿಯೂ ಹೇಳಿದೆ. ಇದರಂತೆ ಮಹಾರಾಷ್ಟ್ರ ಆಯೋಗ ಮಾನ್ಯ ಮಾಡಿದ ನಾಲ್ಕು ಸಂಸ್ಥೆಗಳು ಮುಂಬಯಿ ಗ್ರಾಹಕ ಪಂಚಾಯತ್, ಠಾಣೆ–ಬೇಲಾಪುರ ಉದ್ಯಮಗಳ ಸಂಘ, ವಿದರ್ಭ ಉದ್ಯಮಗಳ ಸಂಘ ಮತ್ತು ಪ್ರಯಾಸ್. ಈ ಪಟ್ಟಿಯನ್ನು ಗಮನಿಸಿದರೆ ಒಂದು ಕೊರತೆ ಎದ್ದು ಕಾಣುತ್ತದೆ: ವಿವಾದದ ನಡುವೆ ಇರುವ ರೈತರ ಸಂಘಟನೆಯೊಂದೂ ಅದರಲ್ಲಿಲ್ಲ.

ಮುಂದಿನ ವರ್ಷಗಳ ಕೆಲಸದಲ್ಲಿ ಕೆಲವನ್ನು ಮಾತ್ರ ಇಲ್ಲಿ ಹೆಸರಿಸಬಹುದು. ವಿದ್ಯುತ್ ವಲಯವನ್ನು ಸಾಮಾನ್ಯ ನಾಗರಿಕರಿಗೆ ಪರಿಚಯಿಸುವ ಕೈಪಿಡಿ 2004ರಲ್ಲಿ ಬಂದಿತು. ಅಮೆರಿಕದ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಜೊತೆಗೂಡಿ ರೂಪಿಸಿದ ಆಡಳಿತ ಮೌಲ್ಯಮಾಪನದ ವಿಧಾನವನ್ನು ಭಾರತದ ಜೊತೆಗೆ ಇಂಡೋನೇಷ್ಯಾ, ಫಿಲಿಪ್ಪೀನ್ಸ್, ಥಾಯ್ಲೆಂಡ್‌ಗಳಲ್ಲಿಯೂ ಬಳಸಲಾಯಿತು. 2006ರಲ್ಲಿ ಲೋಡ್ ಶೆಡ್ಡಿಂಗ್‌ನಿಂದ ಬಳಲುತ್ತಿದ್ದ ಪುಣೆ ನಗರಕ್ಕಾಗಿ, ಕಾರ್ಖಾನೆಗಳು ತಮ್ಮ ಜನರೇಟರುಗಳನ್ನು ಓಡಿಸಿ ಜಾಲದ ಮೇಲಿನ ಹೊರೆ ಇಳಿಸುವುದು, ಅದರ ಹೆಚ್ಚುವರಿ ವೆಚ್ಚವನ್ನು ಕಡಿಮೆ ಬಳಸುವ ಮನೆಗಳನ್ನು ಬಿಟ್ಟು ಉಳಿದ ಗ್ರಾಹಕರು ಭರಿಸುವುದು ಎಂಬ ಏರ್ಪಾಡನ್ನು ಆಯೋಗವು ಸಾರ್ವಜನಿಕ ವಿಚಾರಣೆ ನಡೆಸಿ ಒಪ್ಪಿತು. ನಗರದ ಗ್ರಾಹಕ ಸಂಘಟನೆಗಳೂ ಪ್ರಯಾಸ್ ತಂಡವೂ ಪಾಲ್ಗೊಂಡ ಆ ಚರ್ಚೆ ಬೇರೆ ಊರುಗಳಲ್ಲಿ ಅಪರೂಪವಾದ ಮಟ್ಟದ್ದು. ಎಪ್ಪತ್ತು ಎಂಬತ್ತು ವಾಟ್ ತಿನ್ನುವ ಸೀಲಿಂಗ್ ಫ್ಯಾನಿನ ಜಾಗದಲ್ಲಿ ಅದರ ಅರ್ಧದಷ್ಟರಲ್ಲಿ ತಿರುಗುವ ಫ್ಯಾನುಗಳನ್ನು ತಯಾರಕರಿಗೆ ಪ್ರೋತ್ಸಾಹಧನ ಕೊಟ್ಟು ಮಾರುಕಟ್ಟೆಗೆ ತರಬೇಕೆಂಬ ಸಲಹೆ ಗಿರೀಶ್ ಸಂತ್ ಅವರ ಕೊನೆಯ ವರ್ಷಗಳ ಆಸ್ಥೆಯಾಗಿತ್ತು.

ಇವುಗಳ ನಡುವೆ ವಿದ್ಯುತ್ ಪೂರೈಕೆಯ ಗುಣಮಟ್ಟದ ಅಳತೆಯ ಕೆಲಸ ಪ್ರತ್ಯೇಕವಾಗಿ ಗಮನಿಸತಕ್ಕದ್ದು. ಹಳ್ಳಿಗೆ ದಿನಕ್ಕೆ ಇಷ್ಟು ಗಂಟೆ ವಿದ್ಯುತ್ ಕೊಡಲಾಗಿದೆ ಎಂದು ಕಂಪನಿಯ ದಾಖಲೆ ಹೇಳುತ್ತದೆ. ಕರೆಂಟು ಇರಲೇ ಇಲ್ಲ ಎಂದು ಹಳ್ಳಿಯವರು ಹೇಳುತ್ತಾರೆ. ಇವರಿಬ್ಬರ ನಡುವೆ ತೀರ್ಮಾನ ಕೊಡುವ ಪುರಾವೆ ಇರುವುದಿಲ್ಲ. ಮನೆಯ ಸಾಕೆಟ್ಟಿಗೆ ಸಿಕ್ಕಿಸಿದರೆ ನಿಮಿಷ ನಿಮಿಷದ ವೋಲ್ಟೇಜನ್ನು ದಾಖಲಿಸಿ ಮೊಬೈಲ್ ಜಾಲದ ಮೂಲಕ ಕಳುಹಿಸುವ ಸಣ್ಣ ಪೆಟ್ಟಿಗೆಯೊಂದನ್ನು ಪ್ರಯಾಸ್ ಹಲವು ರಾಜ್ಯಗಳ ನೂರಾರು ಮನೆ, ಅಂಗಡಿ, ಹೊಲಗಳಲ್ಲಿ ಇರಿಸಿ, ಅದರ ಫಲಿತಾಂಶವನ್ನು ಎಲ್ಲರೂ ನೋಡುವಂತೆ ಪ್ರಕಟಿಸಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಎಷ್ಟು ನಿಮಿಷ ಕರೆಂಟು ಹೋಯಿತು, ಯಾವ ಹೊತ್ತಿನಲ್ಲಿ ಮೋಟಾರು ಸುಡುವಷ್ಟು ವೋಲ್ಟೇಜ್ ಇಳಿಯಿತು ಎಂಬುದು ಹೀಗೆ ವಾದದ ವಿಷಯವಾಗಿ ಉಳಿಯದೆ ದಾಖಲೆಯಾಯಿತು.

2012ರ ಫೆಬ್ರವರಿ 2ರಂದು ಗಿರೀಶ್ ಸಂತ್ ದೆಹಲಿಯಲ್ಲಿ ಹಠಾತ್ತನೆ ನಿಧನರಾದಾಗ ಅವರಿಗಿನ್ನೂ ಐವತ್ತು ತುಂಬಿರಲಿಲ್ಲ. ಯೋಜನಾ ಆಯೋಗದ ಸಮಿತಿಗಳಲ್ಲಿ ಕುಳಿತು ಸಲಹೆ ಕೊಡುತ್ತಿದ್ದವರು, ಅದೇ ಸರ್ಕಾರದ ತೀರ್ಮಾನಗಳನ್ನು ಹೊರಗಿನಿಂದ ಪ್ರಶ್ನಿಸುತ್ತಲೂ ಇದ್ದವರು ಅವರು. ಈ ಎರಡು ಪಾತ್ರಗಳನ್ನು ಒಟ್ಟಿಗೆ ನಿಭಾಯಿಸಿ ಎರಡೂ ಕಡೆಯವರ ವಿಶ್ವಾಸ ಉಳಿಸಿಕೊಳ್ಳುವುದು ಸಾಮಾನ್ಯವಲ್ಲ. ಸ್ಥಾಪಕನ ಸಾವಿನೊಡನೆ ಮಂಕಾಗುವ ಸಂಸ್ಥೆಗಳೇ ಹೆಚ್ಚಾಗಿರುವ ನಾಡಿನಲ್ಲಿ ಪ್ರಯಾಸ್ ಉಳಿದು ಬೆಳೆದದ್ದು ಅದರ ಕಟ್ಟುಪಾಡಿನ ಗುಣ. ಶಂತನು ದೀಕ್ಷಿತ್, ಎನ್. ಶ್ರೀಕುಮಾರ್, ಅಶೋಕ್ ಶ್ರೀನಿವಾಸ್, ಅಶ್ವಿನ್ ಗಂಭೀರ್, ಆನ್ ಜೋಸಿ ಮುಂತಾದವರು ಕಲ್ಲಿದ್ದಲು, ಸೌರವಿದ್ಯುತ್, ವಿತರಣೆ ಹೀಗೆ ಒಂದೊಂದು ಕ್ಷೇತ್ರವನ್ನು ಹಿಡಿದು ಕೆಲಸ ಮುಂದುವರಿಸಿದರು. 2017ರಲ್ಲಿ ಮಹಾರಾಷ್ಟ್ರ ಸರ್ಕಾರ ಪ್ರಕಟಿಸಿದ ಕೃಷಿ ಫೀಡರುಗಳ ಸೌರ ಯೋಜನೆ, ಅಂದರೆ ಒಂದೊಂದು ಪಂಪಿಗೆ ಪ್ರತ್ಯೇಕ ಫಲಕ ಹಾಕುವ ಬದಲು ಹಲವು ಹಳ್ಳಿಗಳ ಪಂಪುಗಳಿಗೆ ವಿದ್ಯುತ್ ಹರಿಸುವ ಫೀಡರಿನ ಬಳಿಯೇ ಸೌರ ಸ್ಥಾವರ ನಿಲ್ಲಿಸಿ ಹಗಲಿನಲ್ಲಿ ವಿದ್ಯುತ್ ಕೊಡುವ ವ್ಯವಸ್ಥೆ, ಪ್ರಯಾಸ್ ತಂಡ ಬಹುಕಾಲ ಪ್ರತಿಪಾದಿಸಿದ ವಿಚಾರ. ಸುಧಾರಣೆಗಳ ಕಾಲು ಶತಮಾನದ ಪರಾಮರ್ಶೆಯಾಗಿ 2018ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಅವರು ಕೊಟ್ಟ ಶೀರ್ಷಿಕೆ ಕಿಡಿಗಳು ಬಹಳ, ಬೆಳಕು ಮಾತ್ರ ಅಲ್ಪ ಎಂಬ ಅರ್ಥದ್ದು. ತಮ್ಮ ದುಡಿಮೆಯ ಕ್ಷೇತ್ರವನ್ನೇ ಹೀಗೆ ತೂಗಿ ನೋಡುವ ನಿಷ್ಠುರತೆ ಮೆಚ್ಚತಕ್ಕದ್ದು.

ಹಾಗೆಂದು ಈ ಮಾದರಿಗೆ ಮಿತಿಗಳಿಲ್ಲವೆಂದಲ್ಲ. ಆಯೋಗದ ಸದಸ್ಯರನ್ನು ನೇಮಿಸುವುದು ಸರ್ಕಾರ. ನಿವೃತ್ತ ಅಧಿಕಾರಿಗಳಿಗೆ ಅದು ಎರಡನೆಯ ಸೇವಾವಧಿಯಾಗುವ ಸಾಧ್ಯತೆ ಸದಾ ಇದೆ. ದರ ಏರಿಸಬೇಕಾದ ವರ್ಷ ಚುನಾವಣೆ ಬಂದರೆ, ಆಗಲೇ ಒಪ್ಪಿದ ವೆಚ್ಚವನ್ನು ಗ್ರಾಹಕರಿಂದ ವಸೂಲು ಮಾಡದೆ ಮುಂದಿನ ವರ್ಷಗಳಿಗೆ ಸಾಗಹಾಕುವ ನಿಯಂತ್ರಕ ಆಸ್ತಿ ಎಂಬ ಉಪಾಯವಿದೆ. ಹೆಸರಿಗೆ ಅದು ಕಂಪನಿಯ ಆಸ್ತಿ, ನಿಜದಲ್ಲಿ ಮುಂದಿನ ಗ್ರಾಹಕನ ಸಾಲ. ವಿಚಾರಣೆಯ ದಾಖಲೆಗಳು ದಪ್ಪವಾದಷ್ಟೂ ಸಾಮಾನ್ಯ ಆಕ್ಷೇಪಣಾಕಾರ ಹಿಂದೆ ಸರಿದು, ತಜ್ಞರು ತಜ್ಞರೊಡನೆ ಮಾತಾಡುವ ಸಭೆಯಾಗಿ ಅದು ಮಾರ್ಪಡುತ್ತದೆ. ಪ್ರಯಾಸ್‌ನಂಥ ಸಂಸ್ಥೆ ಗ್ರಾಹಕರ ಪರವಾಗಿ ಸಮರ್ಥವಾಗಿ ಮಾತಾಡಿದಷ್ಟೂ ಗ್ರಾಹಕರೇ ಮಾತಾಡುವ ಅಗತ್ಯ ಕಡಿಮೆಯಾದಂತೆ ತೋರುವ ಅಪಾಯವಿದೆ. ಇದು ಆ ಸಂಸ್ಥೆಯ ದೋಷವಲ್ಲ, ಅದರ ಯಶಸ್ಸಿನ ಅಡ್ಡ ಪರಿಣಾಮ.

ಮಾರುಕಟ್ಟೆಯ ಪ್ರಶ್ನೆ ಇನ್ನೂ ಜಟಿಲ. 2008ರಲ್ಲಿ ವಿದ್ಯುತ್ ವಿನಿಮಯ ಕೇಂದ್ರಗಳು ಕಾರ್ಯಾರಂಭ ಮಾಡಿದ ಮೇಲೆ ಸಗಟು ವಿದ್ಯುತ್ತಿಗೆ ಹರಾಜಿನ ಬೆಲೆ ಬಂದಿತು. ದೊಡ್ಡ ಕಾರ್ಖಾನೆಗಳು ಮುಕ್ತ ಪ್ರವೇಶದ ಅವಕಾಶ ಬಳಸಿ, ಎಂದರೆ ಸ್ಥಳೀಯ ಕಂಪನಿಯ ತಂತಿಯ ಮೂಲಕವೇ ಬೇರೆಯವರ ವಿದ್ಯುತ್ ತರಿಸಿಕೊಂಡು, ಅಥವಾ ತಮ್ಮ ಚಾವಣಿಯ ಮೇಲೆಯೇ ಉತ್ಪಾದಿಸಿಕೊಂಡು ವಿತರಣಾ ಕಂಪನಿಯಿಂದ ದೂರ ಸರಿಯತೊಡಗಿವೆ. ದುಬಾರಿ ದರ ತೆರುತ್ತಿದ್ದ ಈ ಗಿರಾಕಿಗಳ ಹಣದಿಂದಲೇ ಬಡ ಮನೆಗಳ ಮತ್ತು ಪಂಪುಗಳ ದರ ಇಳಿಯುತ್ತಿತ್ತು. ಇದನ್ನೇ ಕ್ರಾಸ್ ಸಬ್ಸಿಡಿ ಎನ್ನುತ್ತಾರೆ. ಅವರು ಹೋದ ಮೇಲೆ ಹಳೆಯ ಒಪ್ಪಂದಗಳ ಸ್ಥಿರ ವೆಚ್ಚ ಉಳಿದವರ ತಲೆಯ ಮೇಲೆ ಬರುತ್ತದೆ. ಎನ್ರಾನ್ ಕಾಲದ ಲೆಕ್ಕ ಹೀಗೆ ಬೇರೆ ರೂಪದಲ್ಲಿ ಮರಳಿ ಬಂದಿದೆ, ಮತ್ತು ಅದನ್ನು ಬಿಡಿಸಬಲ್ಲವರ ಸಂಖ್ಯೆ ಈಗಲೂ ಬೆರಳೆಣಿಕೆಯದು.

ಲೆಕ್ಕದ ಈ ಪ್ರಶ್ನೆ ನಮ್ಮ ರಾಜ್ಯಕ್ಕೂ ಸೇರಿದ್ದು. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ 2008ರಿಂದ ಉಚಿತ ವಿದ್ಯುತ್ ಇದೆ. ಮೂವತ್ತು ಲಕ್ಷ ಮೀರಿದ ಈ ಪಂಪ್‌ಸೆಟ್ಟುಗಳ ಬಳಕೆಯ ಬಹುಭಾಗ ಇಂದಿಗೂ ಅಂದಾಜಿನ ಲೆಕ್ಕ; ಆ ಅಂದಾಜಿನ ಆಧಾರದ ಮೇಲೆಯೇ ಸರ್ಕಾರ ಎಸ್ಕಾಂಗಳಿಗೆ, ಅಂದರೆ ರಾಜ್ಯದ ವಿತರಣಾ ಕಂಪನಿಗಳಿಗೆ, ಕೊಡಬೇಕಾದ ಸಹಾಯಧನವೂ, ಎಸ್ಕಾಂಗಳು ತಮ್ಮ ದಕ್ಷತೆಯೆಂದು ತೋರಿಸುವ ನಷ್ಟದ ಪ್ರಮಾಣವೂ ನಿರ್ಧಾರವಾಗುತ್ತವೆ. ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾ, ವಾಣಿಜ್ಯೋದ್ಯಮ ಮಹಾಸಂಘ, ರೈತ ಸಂಘಟನೆಗಳು ಆಯೋಗದ ವಿಚಾರಣೆಗಳಲ್ಲಿ ದನಿ ಎತ್ತುತ್ತ ಬಂದಿವೆ. ಆದರೆ ವರ್ಷದಿಂದ ವರ್ಷಕ್ಕೆ ಅದೇ ಲೆಕ್ಕದ ಬೆನ್ನು ಹತ್ತಿ, ಕನ್ನಡದಲ್ಲಿ ಬರೆದು, ಕಂಪನಿಯ ಹಂಗಿಲ್ಲದೆ ದುಡಿಯುವ ತಂಡವೊಂದು ಅಮೂಲ್ಯ ರೆಡ್ಡಿಯವರ ನಾಡಿನಲ್ಲಿ ನೆಲೆಯೂರದಿರುವುದು ವಿಷಾದದ ಸಂಗತಿ. ನಮ್ಮ ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರ ವಿಭಾಗಗಳೂ ಎಂಜಿನಿಯರಿಂಗ್ ಕಾಲೇಜುಗಳೂ ಒಂದೊಂದು ಎಸ್ಕಾಂನ ಅರ್ಜಿಯನ್ನು ಪ್ರತಿ ವರ್ಷ ಓದಿ ಪರೀಕ್ಷಿಸುವ ಕೆಲಸವನ್ನು ಕೈಗೆತ್ತಿಕೊಂಡರೆ ಅದಕ್ಕೆ ಬೇಕಾಗುವ ಖರ್ಚು ಅತ್ಯಲ್ಪ. 2003ರ ಕಾಯಿದೆಯ 64ನೆಯ ಪ್ರಕರಣದ ಪ್ರಕಾರ ದರ ಪರಿಷ್ಕರಣೆಯ ಅರ್ಜಿಯ ಸಾರಾಂಶವನ್ನು ಪ್ರಕಟಿಸುವುದು ಕಂಪನಿಯ ಕರ್ತವ್ಯ, ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಿ 120 ದಿನಗಳೊಳಗೆ ಆದೇಶ ನೀಡುವುದು ಆಯೋಗದ ಕರ್ತವ್ಯ. ಆಕ್ಷೇಪಣೆಯನ್ನು ಯಾವ ಗ್ರಾಹಕನಾದರೂ, ವಕೀಲನ ನೆರವಿಲ್ಲದೆಯೇ, ಸಲ್ಲಿಸಬಹುದು.